ಮದುಮಗನ ಹಿಂದೆ ಹೊರಟ ಅರಿಷಿಣ

ಸೈಕಲ್ ಕೊಡಬಾರದಿತ್ತು. ಸಂಗಮ್ಮನಿಗೆ ಅದು ಹಿಂದಿನ ದಿನವೇ ಗೊತ್ತಿತ್ತು. ಗೊತ್ತಿದ್ದೂ ಕೊಟ್ಟಳು.

ಬಸವಕಲ್ಯಾಣದ ಕೋಟೆ ಕಡೆ ಹೋಗುವ ರಸ್ತೆಯಲ್ಲಿ ಅವಳದೊಂದು ಸೈಕಲ್ ಅಂಗಡಿ. ಅವಳದು ಅನ್ನುವುದು ಈ ಒಂದು ವರ್ಷದ ಮಾತು. ಅದಕ್ಕೂ ಮೊದಲು ಮೂವತ್ತು ವರ್ಷ ಅದು ಮಹಾರುದ್ರಪ್ಪನ ಅಂಗಡಿ. ಒಂದು ಕಾಲಕ್ಕೆ ಅಲ್ಲಿ ಇಪ್ಪತ್ತೆರಡು ಬಾಡಿಗೆ ಸೈಕಲ್ ಇದ್ದವು. ಊರಿನ ಅರ್ಧ ಹುಡುಗರು ಮೊಣಕಾಲು ತರಚಿಕೊಂಡು ಸೈಕಲ್ ಕಲಿತದ್ದು ಅವುಗಳ ಮೇಲೆಯೇ. ಈಗ ಬಾಡಿಗೆಗೆ ಯಾರೂ ಕೇಳುವುದಿಲ್ಲ. ಉಳಿದ ಆರು ಸೈಕಲ್ ಗೋಡೆಯ ಕೊಕ್ಕೆಗೆ ಸೋರೆಕಾಯಿಯ ಹಾಗೆ ತೂಗುತ್ತಿದ್ದವು.

ಸಂಗಮ್ಮ ಚಿಟಗುಪ್ಪ ಕಡೆಯ ಬೇಮಳಖೇಡದವಳು. ನಾಲ್ಕನೇ ಇಯತ್ತೆ ಆದ ಮೇಲೆ ಶಾಲೆ ಬಿಡಿಸಿ ಎಮ್ಮೆ ಹಿಂದೆ ಕಳಿಸಿದರು. ಹದಿನೇಳಕ್ಕೆ ಮದುವೆ. ಗಂಡ ಊಟಕ್ಕೆ ಒಳಗೆ ಬಂದಾಗ ಅಂಗಡಿಯಲ್ಲಿ ಕೂರುವುದು ಅವಳ ಕೆಲಸ. ಕೂತು ನೋಡಿ ನೋಡಿಯೇ ಎಲ್ಲ ಕಲಿತಳು. ಪಂಚರ್ ತೆಗೆಯಲು ಮಾತ್ರ ಅವನು ಬಿಡಲಿಲ್ಲ. "ಹೆಂಗಸು ಪಂಪು ಹೊಡದ್ರ ಮಂದಿ ನಗ್ತಾರ" ಅನ್ನುತ್ತಿದ್ದ. ಕಳೆದ ವರ್ಷ ಒಂದು ಮುಂಜಾನೆ ಯಾರದೋ ಸೈಕಲ್ಲಿಗೆ ಹವಾ ಹಾಕುತ್ತಿದ್ದವನು ಹಾಗೇ ಗೋಡೆಗೆ ಒರಗಿದ. ಮಾತಿಲ್ಲ, ಕತೆಯಿಲ್ಲ. ಮೂರು ತಿಂಗಳು ಕಳೆದ ಮೇಲೆ ಸಂಗಮ್ಮನೇ ಪಂಪು ಹಿಡಿದಳು. ಯಾರೂ ನಗಲಿಲ್ಲ. ನಕ್ಕಿದ್ದರೆ ಚಲೋ ಇತ್ತು, ಅವನ ಮಾತಾದರೂ ಖರೆ ಆಗುತ್ತಿತ್ತು.

ಸತ್ತವನ ಮೇಲೆ ಅವಳಿಗೆ ಇನ್ನೂ ಸಿಟ್ಟಿತ್ತು. ನಟ್ಟು ಬಿಚ್ಚುವ ಹನ್ನೆರಡರ ಪಾನಾ ಎಲ್ಲಿಟ್ಟಿದ್ದಾನೆ ಎಂದು ಹೇಳದೆ ಹೋದ. ಹುಮನಾಬಾದಿನ ಸ್ನೇಹಲಳನ್ನು ಮಗನಿಗೆ ಗೊತ್ತುಮಾಡಿ, ಎಲೆ ಅಡಿಕೆ ಮುಗಿಸಿ, ಮುಂದಿನದೆಲ್ಲ ಇವಳ ತಲೆಗೆ ಕಟ್ಟಿ ಹೋದ. ಹೋಗುವವನು ಮದುವೆ ಮುಗಿಸಿ ಹೋಗಬಾರದಿತ್ತೇ?

ಮದುವೆ ಶುಕ್ರವಾರ, ಹುಮನಾಬಾದಿನಲ್ಲಿ. ಗುರುವಾರ ಅರಿಷಿಣ. ಬುಧವಾರ ಸಂಜೆ ಮಗ ಬಸವಕಿರಣ ಮೂವರು ದೋಸ್ತರನ್ನು ಕಟ್ಟಿಕೊಂಡು ಅಂಗಡಿಗೆ ಬಂದ. ಬಸವಕಿರಣ ಬೀಜ ಗೊಬ್ಬರದ ಅಂಗಡಿಯಲ್ಲಿ ಕೆಲಸಕ್ಕಿದ್ದ. ಸಂಜೀವಕುಮಾರ ಮದುವೆಗಳ ಫೋಟೊ ತೆಗೆಯುವವನು. ಅಸದ್ ಟೇಲರ್. ಜೈಭೀಮನದು ಮೊಬೈಲ್ ರಿಪೇರಿ. ನಾಲ್ವರಿಗೂ ಇಪ್ಪತ್ತೆಂಟು, ನಾಲ್ವರಿಗೂ ಹೊಟ್ಟೆ ಬಂದಿತ್ತು.

"ಕಾಕು, ನಾಳಿ ಮುಂಜಾನಿ ನಾಕು ಸೈಕಲ್ ಬೇಕ್ರಿ," ಅಂದ ಸಂಜೀವಕುಮಾರ.

"ಯಾಕ?"

"ಪುಣೆ ಕಡಿ ಈಗ ಇದೇ ನಡದದ. ಮದುವಿ ಮುಂಚೆ ದೋಸ್ತರೆಲ್ಲ ಕೂಡಿ ಸೈಕಲ್ ಹೊಡಿಯೋದು. ಹುಮನಾಬಾದ ಹತ್ತರ ಮಾಣಿಕನಗರದ ಗುಡಿಗಿ ಹೋಗಿ ಕೈ ಮುಗದು ಬರ್ತೀವಿ. ನಾ ವಿಡಿಯೊ ತಗೀತೀನಿ."

"ಹೋಗಾಕ ಮೂವತ್ತು ಕಿಲೋಮೀಟರ, ಬರಾಕ ಮೂವತ್ತು. ನಿಮ್ಮ ಹೊಟ್ಟಿ ನೋಡ್ಕೊಂಡೀರೇನು? ಹತ್ತು ಗಂಟೆಕ್ಕ ಅರಿಷಿಣ ಅದ."

"ಒಂಬತ್ತಕ್ಕ ಮನ್ಯಾಗ ಇರ್ತೀವಿ ಅವ್ವಾ," ಅಂದ ಬಸವಕಿರಣ.

"ಆ ಟ್ಯೂಬು ಎರಡು ವರ್ಷ ತೂಗಿ ತೂಗಿ ಒಣಗ್ಯಾವ. ಈಗ ಹವಾ ಹಿಡಿತಾವ, ಡಾಂಬರ ಕಾಯ್ದಿತು ಅಂದ್ರ ಕೈ ಕೊಡ್ತಾವ. ಸಸ್ತಾಪುರ ಬಂಗ್ಲಾ ಮುಟ್ಟಿ ಹೊಳ್ಳಿ ಬರೋದಾದ್ರ ಒಯ್ರಿ."

ಊರಿನ ರಸ್ತೆ ಹೋಗಿ ಹೆದ್ದಾರಿಗೆ ಕೂಡುವ ಜಾಗ ಅದು. ಆರೇಳು ಕಿಲೋಮೀಟರ್.

"ಚಾಚಿ, ನಿಮ್ಮ ಕಸಮ್, ಅಷ್ಟೇ ಹೋಗಿ ಬರ್ತೀವಿ," ಅಂದ ಅಸದ್.

"ನನ್ನ ಕಸಮ್ ಯಾಕ ಹಾಕ್ತಿ? ನಿನ್ನದು ಹಾಕು."

ಅವನು ತನ್ನ ಆಣೆ ಹಾಕಲಿಲ್ಲ. ಅಲ್ಲಿಗೇ ತಿಳಿಯಬೇಕಿತ್ತು. ಸಂಗಮ್ಮ ರಾತ್ರಿ ಅಡುಗೆ ಬಿಟ್ಟು ನಾಲ್ಕೂ ಸೈಕಲ್ಲಿಗೆ ಎಣ್ಣೆ ಬಿಟ್ಟು, ಹವಾ ಹಾಕಿ, ಬ್ರೇಕು ಬಿಗಿ ಮಾಡಿ ಇಟ್ಟಳು. ನಸುಕಿನಲ್ಲಿ ನಾಲ್ವರೂ ಹೊರಟರು. ಒಂದೇ ಬಣ್ಣದ ಅಂಗಿ, ಬೆನ್ನ ಮೇಲೆ 'ಮದುಮಗನ ಪಡೆ' ಎಂದು ಬರೆಸಿಕೊಂಡಿದ್ದರು. ಗಂಟೆ ಬಾರಿಸುತ್ತ, ಕೂಗುತ್ತ ಹೋದರು, ಮೂರನೇ ಇಯತ್ತೆಯ ಹುಡುಗರ ಹಾಗೆ.

ಒಂಬತ್ತಾಯಿತು, ಬರಲಿಲ್ಲ.

ಮನೆಯಲ್ಲಿ ಅರಿಷಿಣದ ತಯಾರಿ ಎಲ್ಲ ಮಹಾರುದ್ರಪ್ಪನ ಅಕ್ಕ ಮಹಾನಂದಾಳ ಕೈಯಲ್ಲಿತ್ತು. ತಾನೂ ಸೇರಿ ಐದು ಮಂದಿ ಆಗುವಂತೆ ಮುತ್ತೈದೆಯರನ್ನು ಕರೆಸಿದ್ದಳು. ದೇವರ ಮುಂದೆ ಮಣೆ ಹಾಕಿ, ಹಿತ್ತಾಳೆಯ ಬಟ್ಟಲಲ್ಲಿ ಅರಿಷಿಣ ಕಲಸಿ ಇಟ್ಟಿದ್ದಳು. ಮುಂಜಾನೆಯೇ ಸಂಗಮ್ಮನನ್ನು ಬಾಗಿಲ ಮರೆಗೆ ಕರೆದು, "ನೀ ಅಡಗಿಮನಿ ಕಡಿ ನೋಡ್ಕೊ. ಬಟ್ಟಲಾ ಮುಟ್ಟಬ್ಯಾಡ. ನಾ ಬ್ಯಾರೆ ಅರ್ಥದಾಗ ಹೇಳಂಗಿಲ್ಲ ಮತ್ತ," ಅಂದಿದ್ದಳು.

ಬೇರೆ ಯಾವ ಅರ್ಥವಿತ್ತು ಅದಕ್ಕೆ? ಗಂಡ ಸತ್ತವಳು ಅರಿಷಿಣ ಮುಟ್ಟಬಾರದು, ಅಷ್ಟೇ. ಸಂಗಮ್ಮ ಹೋಗಿ ಬದನೆಕಾಯಿ ಹೆಚ್ಚಿದಳು.

ಈ ಕಡೆ ಒಂದು ಪದ್ಧತಿ ಇದೆ. ಮದುಮಗನಿಗೆ ಹಚ್ಚಿ ಉಳಿದ ಅರಿಷಿಣವೇ ಮದುಮಗಳಿಗೆ ಹೋಗಬೇಕು. ಅಲ್ಲಿ ಬೇರೆ ಕಲಸುವಂತಿಲ್ಲ. ಅದು ಬಂದು ಮುಟ್ಟುವ ತನಕ ಮದುಮಗಳು ಮಣೆ ಬಿಟ್ಟು ಏಳುವಂತಿಲ್ಲ, ನೀರು ಬಿಟ್ಟರೆ ಬಾಯಿಗೆ ಏನೂ ಹಾಕುವಂತಿಲ್ಲ. ಮದುಮಗನೂ ಅರಿಷಿಣ ಆಗುವ ತನಕ ಉಪವಾಸ ಇರಬೇಕು. ಗುರುವಾರ ಒಂದೂವರೆಗೆ ರಾಹುಕಾಲ ಹತ್ತುತ್ತದೆ. ಅಷ್ಟರೊಳಗೆ ಹುಮನಾಬಾದಿನಲ್ಲಿ ಸ್ನೇಹಲಳ ಮೈಗೆ ಅರಿಷಿಣ ತಾಗಬೇಕು ಎಂದು ಅವಳ ಅಜ್ಜಿ ಹದಿನೈದು ದಿನದಿಂದ ಹೇಳುತ್ತಲೇ ಇದ್ದಳು.

ಹತ್ತಾಯಿತು. ಸಂಗಮ್ಮ ಮಗನಿಗೆ ಫೋನ್ ಹಚ್ಚಿದಳು. ಎತ್ತಿದವನು ಜೈಭೀಮ.

"ಬಂದೀವ್ರಿ ಕಾಕು. ಇಲ್ಲೇ ಅದೀವಿ."

"ಇಲ್ಲೇ ಅಂದ್ರ ಎಲ್ಲಿ?"

"ಇಲ್ಲೇ... ಬಂಗ್ಲಾದ ಹತ್ತರ."

"ಕಿರಣಗ ಕೊಡು."

"ಅಂವ ಸೈಕಲ್ ಹೊಡಿಯಾಕತ್ತಾನ್ರಿ," ಅಂದು ಫೋನ್ ಇಟ್ಟ.

ಹತ್ತೂವರೆಗೆ ಪಕ್ಕದ ಮನೆಯ ಮುನ್ನಿ ಬೀ ಸೆರಗು ಸರಿಮಾಡಿಕೊಳ್ಳುತ್ತ ಬಂದಳು. ಕೈಯಲ್ಲಿ ಮೊಬೈಲು. ಸಂಜೀವಕುಮಾರ ಸ್ಟೇಟಸ್ ಹಾಕಿದ್ದ. ಮಾಣಿಕನಗರದ ಕಮಾನಿನ ಮುಂದೆ ನಾಲ್ವರೂ ಸೈಕಲ್ ಎತ್ತಿ ಹಿಡಿದು ಹಲ್ಲು ಕಿಸಿಯುತ್ತಿದ್ದರು.

"ಇವರ ಬಾಯಾಗ ಮಣ್ಣು ಹಾಕ," ಅಂದಳು ಸಂಗಮ್ಮ.

"ಮಣ್ಣು ಆಮ್ಯಾಲ ಹಾಕ್ವಂತಿ. ಬೀಗರು ನೋಡಿದ್ರ?" ಅಂದಳು ಮುನ್ನಿ ಬೀ.

ಬೀಗರು ನೋಡಿಯೇ ಆಗಿತ್ತು. ಫೋನ್ ಬಂತು. ಸ್ನೇಹಲಳ ಅಜ್ಜಿ.

"ಏನ್ರಿ ಬೀಗತ್ಯಾರೇ, ನಿಮ್ಮ ಮಗ ನಮ್ಮೂರಾಗ ತಿರಗಾಕತ್ತಾನಂತಲ್ಲ. ಅರಿಷಿಣ ಆತೋ ಇಲ್ಲೋ?"

"ಆಗ್ತದ್ರಿ."

"ಯಾವಾಗ? ನಮ್ಮ ಹುಡಗಿ ಆರು ಗಂಟೆಕ್ಕ ಜಳಕಾ ಮಾಡಿ ಕುಂತದ. ಗಂಡಸಿಲ್ಲದ ಮನ್ಯಾಗ ಹಿಂಗ ಆಗ್ತದ ಅಂತ ನಾ ಅವತ್ತೇ ಹೇಳಿದ್ದೆ. ಒಂದೂವರಿ ದಾಟಿತಂದ್ರ ನಾಳಿ ಮದುವಿ ಅಕ್ಕಿಕಾಳಿಗಿ ನಾ ಹುಡಗಿನ್ನ ಎಬ್ಬಸಂಗಿಲ್ಲ. ಮುಂದಿನ ಮುಹೂರ್ತ ಶ್ರಾವಣದಾಗ. ನೋಡ್ರಿ ಮತ್ತ."

ಮುದುಕಿ ಬರೀ ಬಾಯಿಮಾತಿಗೆ ಹೇಳುವವಳಲ್ಲ. ಮೊದಲ ಮೊಮ್ಮಗಳ ಮದುವೆಯನ್ನೂ ಹೀಗೇ ಒಂದು ಸಲ ಮುಂದೆ ಹಾಕಿದವಳು. ಗಂಡ ಕೊನೆಗೆ ಕುದುರಿಸಿ ಹೋದದ್ದು ಈ ಸಂಬಂಧ. ಅದೂ ಸೈಕಲ್ ಮೇಲೆ ಕೂತು ಹೋಗುವುದೇ?

ಮಗನಿಗೆ ಮತ್ತೆ ಫೋನ್ ಹಚ್ಚಿದಳು. ಈ ಸಲ ಅವನೇ ಎತ್ತಿದ. ಸುಳ್ಳು ಹೇಳುವ ಶಕ್ತಿ ಅವನಲ್ಲಿ ಉಳಿದಿರಲಿಲ್ಲ. ಹುಮನಾಬಾದ್ ಬಿಟ್ಟು ರಾಜೇಶ್ವರದ ಕಡೆ ನಾಲ್ಕು ಕಿಲೋಮೀಟರ್ ಬಂದಿದ್ದರಂತೆ. ಮೂರು ಸೈಕಲ್ ಪಂಚರ್, ಒಂದರ ಚೈನು ಹರಿದಿತ್ತು.

"ಬಸ್ ಹತ್ತಿ ಬಾ."

"ಕೈ ಮಾಡಿದ್ರ ಬಸ್ ನಿಲ್ಲಸವಲ್ರು. ಮತ್ತ ಸೈಕಲ್ ಎಲ್ಲಿ ಬಿಡ್ಲಿ? ಅಪ್ಪನ ಸೈಕಲ್."

"ಈಗ ನೆನಪಾತೇನು ಅಪ್ಪನ ಸೈಕಲ್?"

ಮುನ್ನಿ ಬೀಯ ಮಗ ಅಜೀಮ್ ಸಣ್ಣ ಟೆಂಪೊ ಓಡಿಸುತ್ತಾನೆ. ಮಂಟಪದ ಕುರ್ಚಿ ಇಳಿಸುತ್ತಿದ್ದವನನ್ನು ಸಂಗಮ್ಮ ಹಾಗೇ ಎಳೆದಳು. ಪಂಪು, ಪಾನಾ, ಸಲ್ಯೂಷನ್ ಡಬ್ಬಿ ಹಾಕಿಕೊಂಡು ಮುಂದಿನ ಸೀಟಿಗೆ ಹತ್ತಿದಳು. ಟೆಂಪೊ ಓಣಿಯ ತಿರುವಿಗೆ ಬಂತು.

"ಅಜೀಮ್, ಹೋಗಾಕ ಎಷ್ಟೊತ್ತು?"

"ಮುಕ್ಕಾಲು ತಾಸು ಚಾಚಿ."

ಹೋಗಲು ಮುಕ್ಕಾಲು ತಾಸು, ಕರೆದುಕೊಂಡು ಬರಲು ಮುಕ್ಕಾಲು. ಆಮೇಲೆ ಅರಿಷಿಣ ಹಚ್ಚಿ ಮತ್ತೆ ಅದೇ ರಸ್ತೆ ಹಿಡಿದು ಹುಮನಾಬಾದಿಗೆ ಒಯ್ಯಬೇಕು. ನಾಲ್ಕನೇ ಇಯತ್ತೆ ಓದಿದವಳಿಗೂ ತಿಳಿಯುವ ಲೆಕ್ಕ. ಒಂದೂವರೆಗೆ ಮುಟ್ಟುವುದಿಲ್ಲ.

"ಹೊಳ್ಳಸು," ಅಂದಳು.

ಮನೆಯೊಳಗೆ ನುಗ್ಗಿ ಮಹಾನಂದಾಳ ಮುಂದೆ ನಿಂತಳು. "ಅಕ್ಕಾ, ಐದು ಮಂದಿ ಟೆಂಪೊ ಹತ್ತರಿ. ಅಂವ ಎಲ್ಲಿ ಅದಾನೋ ಅಲ್ಲೇ ಅರಿಷಿಣ ಹಚ್ಚಿ, ಅಲ್ಲಿಂದ ಹಂಗೇ ಬೀಗರ ಮನಿಗಿ ಒಯ್ಯೋಣು."

"ರಸ್ತ್ಯಾಗ?" ಮಹಾನಂದಾ ಎದೆ ಮುಟ್ಟಿಕೊಂಡಳು. "ದೇವರ ಮುಂದ ಮಣಿ ಹಾಕೀನಿ. ರಸ್ತ್ಯಾಗ ಕುಂದರಿಸಿ ಹಚ್ಚಾಕ ಅಂವೇನು ದಿಕ್ಕಿಲ್ಲದವ ಏನ? ನಾ ಬರಂಗಿಲ್ಲ. ಇವರೂ ಬರಂಗಿಲ್ಲ."

ಉಳಿದ ನಾಲ್ವರು ಮಹಾನಂದಾಳ ಮುಖ ನೋಡಿದರು. ಯಾರೂ ಏಳಲಿಲ್ಲ.

ಸಂಗಮ್ಮ ಬಗ್ಗಿ ಬಟ್ಟಲು ಎತ್ತಿಕೊಂಡಳು.

"ಏ ಸಂಗಮ್ಮ! ಏನ ಮುಟ್ಟಿದಿ ನೀ?"

"ಬಟ್ಟಲಾ. ನೀವು ಮಣಿ ಕಾಯ್ಕೋತ ಕುಂದರ್ರಿ," ಅಂದು ಹೊರಗೆ ಬಂದಳು.

ಬಿಸಿಲಿಗೆ ರಸ್ತೆ ಹೊಳೆಯುತ್ತಿತ್ತು. ಅವಳು ತೊಡೆಯ ಮೇಲೆ ಬಟ್ಟಲಿಟ್ಟುಕೊಂಡು ಎರಡೂ ಕೈಯಿಂದ ಮುಚ್ಚಿ ಹಿಡಿದಿದ್ದಳು. ಅಜೀಮ್ ಒಂದು ಸಲ ಹಾಡು ಹಚ್ಚಿದ, ಅವಳ ಮುಖ ನೋಡಿ ಆರಿಸಿದ. ರಾಜೇಶ್ವರ ದಾಟಿ, ಹುಮನಾಬಾದ್ ಇನ್ನು ನಾಲ್ಕೈದು ಕಿಲೋಮೀಟರ್ ಇರುವಾಗ ಬೇವಿನ ಮರದ ಕೆಳಗೆ ಕಬ್ಬಿನಹಾಲಿನ ಗಾಣ ಕಂಡಿತು. ಅಲ್ಲಿ ನಾಲ್ಕು ಸೈಕಲ್ ಅಡ್ಡ ಬಿದ್ದಿದ್ದವು. ಪಕ್ಕದಲ್ಲಿ 'ಮದುಮಗನ ಪಡೆ' ಕಾಲು ಚಾಚಿ ಬಿದ್ದಿತ್ತು. ನಾಲ್ವರ ಕೈಯಲ್ಲೂ ಗ್ಲಾಸು.

ಸಂಗಮ್ಮ ಇಳಿದಳು. ಮೊದಲು ಕಂಡದ್ದು ಮಗನ ಕೈಯ ಗ್ಲಾಸು.

"ಕುಡದಿ?"

ಬಸವಕಿರಣ ಗ್ಲಾಸು ಬೆನ್ನ ಹಿಂದೆ ಮಾಡಿದ. "ಎರಡೇ ಗುಟುಕು ಅವ್ವಾ."

"ಮೂರನೇ ಗ್ಲಾಸ್ರಿ," ಅಂದಳು ಗಾಣದ ಹೆಂಗಸು. ಅವಳ ಹೆಸರು ತಹಸೀನ್. ಸುಳ್ಳು ಹೇಳುವ ಗರಜು ಅವಳಿಗೇನಿತ್ತು?

"ತಿಂಡಿ?"

ಜೈಭೀಮ ನೆಲ ನೋಡಿದ.

"ಇಡ್ಲಿ," ಅಂದ ಅಸದ್ ಸಣ್ಣಗೆ. "ಮಾಣಿಕನಗರದಾಗ. ಚಾಚಿ, ಅಂವ ಬ್ಯಾಡ ಅಂದ. ನಾವೇ..."

"ಬ್ಯಾಡ ಅಂದವ ಎಷ್ಟು ತಿಂದ?"

"ಎರಡು ಪ್ಲೇಟು."

ಬೈಯಬೇಕೆಂದು ಅವಳು ಬಾಯಿ ತೆರೆದಳು. ಎಲ್ಲಿಂದ ಸುರು ಮಾಡಬೇಕೋ ತಿಳಿಯಲಿಲ್ಲ. ಹನ್ನೆರಡೂ ಕಾಲಾಗಿತ್ತು. ತಹಸೀನಳ ಹತ್ತಿರ ಕಬ್ಬು ಕೆತ್ತುವಾಗ ಕೂರುವ ಮಣೆಯೊಂದಿತ್ತು. ಸಂಗಮ್ಮ ಅದನ್ನು ಬೇವಿನ ನೆರಳಿಗೆ ಎಳೆದು ಹಾಕಿದಳು.

"ಅಂಗಿ ತಗಿ. ಕುಂದರು."

"ಇಲ್ಲೇ?"

"ಇಲ್ಲ, ಶ್ರಾವಣದಾಗ. ಕುಂದರೋ!"

ಅವನು ಕೂತ. ಸಂಗಮ್ಮ ಬಟ್ಟಲನ್ನು ತಹಸೀನಳ ಮುಂದೆ ಹಿಡಿದಳು. "ಯವ್ವಾ, ಗಂಡ ಅದಾನೇನು ನಿನಗ?"

"ಅದಾನ್ರಿ. ಅಲ್ಲಿ ಮಲಗ್ಯಾನಲ್ಲ, ಅಂವನೇ." ಗಾಣದ ಹಿಂದೆ ಹೊರಸಿನ ಮೇಲೆ ಒಬ್ಬ ಗೊರಕೆ ಹೊಡೆಯುತ್ತಿದ್ದ.

"ಹಂಗಾದ್ರ ನೀ ಮುತ್ತೈದಿ. ಇವಗ ಅರಿಷಿಣ ಹಚ್ಚು."

ತಹಸೀನ್ ಕೈ ತೊಳೆದು, ಸೀರೆಗೆ ಒರೆಸಿಕೊಂಡು ಬಂದಳು. ಬಂದವಳು ಹಾಗೇ ನಿಂತಳು. "ಅಕ್ಕಾ, ನೀವು ಇವನ ತಾಯಿ ಹೌದಲ್ರಿ?"

"ಹೌದು."

"ತಾಯಿ ಮುಂದ ನಿಂತಾಗ ನಾ ಹ್ಯಾಂಗ ಮೊದಲ ಹಚ್ಚಲಿ? ಮೊದಲ ನೀವು ಹಚ್ಚರಿ, ಆಮ್ಯಾಲ ನಾ."

"ನಾ ಹಚ್ಚಂಗಿಲ್ಲ."

"ಯಾಕ್ರಿ?"

ಯಾಕೆ ಎಂದು ಹೇಳಲು ಸಂಗಮ್ಮನಿಗೆ ಹೊತ್ತಿರಲಿಲ್ಲ. ಮೂವರು ದೋಸ್ತರು, ಅಜೀಮ್, ತಹಸೀನ್ ಎಲ್ಲರೂ ಅವಳನ್ನೇ ನೋಡುತ್ತಿದ್ದರು. ಮಗ ಬರಿಮೈಯಲ್ಲಿ ಮಣೆಯ ಮೇಲೆ ಕೂತು ಅವಳ ಕೈ ನೋಡುತ್ತಿದ್ದ. ಹೆದ್ದಾರಿಯ ಲಾರಿಗಳು ಧೂಳೆಬ್ಬಿಸಿ ಹೋಗುತ್ತಿದ್ದವು. ಅಷ್ಟರಲ್ಲಿ ಫೋನು. ಅಜ್ಜಿಯದೇ. ಅವಳು ಎತ್ತಲಿಲ್ಲ, ಅದು ಬಡಿದುಕೊಳ್ಳುತ್ತಲೇ ಇತ್ತು.

ಅವಳಿಗೆ ಎಲ್ಲರ ಮೇಲೂ ಬೇಸರ ಬಂತು. ಮಣೆ ಕಾಯುತ್ತ ಕೂತವರ ಮೇಲೆ, ಇಡ್ಲಿ ತಿಂದವರ ಮೇಲೆ, ಯಾಕೆ ಎಂದು ಕೇಳುವವರ ಮೇಲೆ. ಎಲ್ಲರಿಗಿಂತ ಹೆಚ್ಚಾಗಿ, ಇರಬೇಕಾದ ದಿನ ಇಲ್ಲದವನ ಮೇಲೆ. ಬಟ್ಟಲಿಗೆ ಕೈ ಹಾಕಿ ಹಿಡಿಯಷ್ಟು ತೆಗೆದು ಮಗನ ಮುಖಕ್ಕೆ ಬಳಿದಳು.

ಹಚ್ಚುವಾಗ ಐದು ಮಂದಿ ಹಾಡು ಹಾಡಬೇಕು. ಇಲ್ಲಿ ಅವಳ ಬೈಗುಳವೇ ಹಾಡಾಯಿತು.

"ಪುಣೆದಾಗ ನಡದದ ಅಂತ! ಪುಣೆದವರು ಬಂದು ಹಚ್ತಾರೇನು ಅರಿಷಿಣ? ಕುತ್ತಗಿ ಎತ್ತು. ಟ್ಯೂಬು ಒಣಗ್ಯಾವ ಅಂದೆ. ಯಾರ ಕೇಳಿದ್ರಿ? ಕೈ ಚಾಚು. ಇಡ್ಲಿ ತಿಂತಾನ, ಎರಡು ಪ್ಲೇಟು!"

"ಅವ್ವಾ, ಕಣ್ಣಾಗ ಹೋತು."

"ಹೋಗಲಿ."

ಪಾತ್ರೆ ತಿಕ್ಕಿದ ಹಾಗೆ ತಿಕ್ಕಿದಳು. ಭುಜ, ತೋಳು, ಅಂಗೈ, ಪಾದ. ಪಾದಕ್ಕೆ ಬಂದಾಗ ಕೈ ನಿಧಾನವಾಯಿತು. ಪೆಡಲ್ ತುಳಿದು ಎರಡೂ ಹಿಮ್ಮಡಿ ಬೊಕ್ಕೆ ಎದ್ದಿದ್ದವು. ಬೊಕ್ಕೆ ತಾಗದ ಹಾಗೆ ಸುತ್ತ ಹಚ್ಚಿದಳು. ಬಸವಕಿರಣ ಏನೋ ಹೇಳಲು ಬಾಯಿ ತೆರೆದ.

"ಬಾಯಿ ಮುಚ್ಚು," ಅಂದಳು.

ಆಮೇಲೆ ತಹಸೀನ್ ಹಚ್ಚಿದಳು. ಸಂಜೀವಕುಮಾರ ವಿಡಿಯೊ ತೆಗೆಯಲು ಮೊಬೈಲ್ ಎತ್ತಿದ. ಸಂಗಮ್ಮ ತಿರುಗಿ ನೋಡಿದಳು. ಮೊಬೈಲ್ ಕಿಸೆಗೆ ಇಳಿಯಿತು.

ಮದುಮಗ ಈ ಮೈಯಲ್ಲಿ ಬೀಗರ ಊರಿಗೆ ಹೋಗುವಂತಿಲ್ಲ. ಅವನನ್ನೂ ಮೂವರನ್ನೂ ಅಲ್ಲೇ ಬಿಟ್ಟು ಸಂಗಮ್ಮ ಟೆಂಪೊ ಹತ್ತಿದಳು. ಒಂದು ಗಂಟೆಗೆ ಇನ್ನೂ ಐದು ನಿಮಿಷ ಇರುವಾಗ ಹುಮನಾಬಾದಿನಲ್ಲಿ ಬೀಗರ ಹಂದರದ ಮುಂದೆ ಇಳಿದಳು.

ಅಜ್ಜಿ ಹೊಸ್ತಿಲಲ್ಲೇ ನಿಂತಿದ್ದಳು. ಟೆಂಪೊದ ಹಿಂದೆ ನೋಡಿದಳು, ಮುಂದೆ ನೋಡಿದಳು.

"ಮುತ್ತೈದೇರು ಎಲ್ಲಿ?"

"ಬಂದಿಲ್ರಿ."

"ಮತ್ತ ಹಚ್ಚಿದವರು ಯಾರು?"

ಸುಳ್ಳು ಹೇಳಬಹುದಿತ್ತು. ನಾಲಿಗೆಯ ತುದಿಯವರೆಗೆ ಮಹಾನಂದಾಳ ಹೆಸರು ಬಂದಿತ್ತು. ಆದರೆ ಮುಂಜಾನೆಯಿಂದ ಸುಳ್ಳು ಕೇಳಿ ಕೇಳಿ ಅವಳಿಗೆ ಸಾಕಾಗಿತ್ತು.

"ನಾ ಹಚ್ಚೀನ್ರಿ. ರಸ್ತ್ಯಾಗ ಕುಂದರಿಸಿ ಹಚ್ಚೀನಿ. ಆಮ್ಯಾಲ ಕಬ್ಬಿನಹಾಲು ಮಾರೋ ತಹಸೀನ್ ಹಚ್ಯಾಳ. ಬ್ಯಾರೆ ಯಾರೂ ಇದ್ದಿಲ್ಲ."

ಅಜ್ಜಿ ಬಟ್ಟಲಿಗೆ ಕೈ ಚಾಚಲಿಲ್ಲ. "ಇದು ನಮ್ಮ ಹುಡಗಿ ಮೈಗಿ ಹ್ಯಾಂಗ ಹಚ್ಚೋದ್ರಿ?" ಅಂದಳು, ಸಿಟ್ಟಿನಿಂದಲ್ಲ, ನಿಜವಾಗಿ ತಿಳಿಯದವಳ ಹಾಗೆ. ಇಬ್ಬರು ಹೆಂಗಸರು ಬಂದು ಅವಳ ಕಿವಿಯಲ್ಲಿ ಗುಸುಗುಸು ಅಂದರು. ಸಂಗಮ್ಮ ಬಿಸಿಲಲ್ಲಿ ಬಟ್ಟಲು ಹಿಡಿದು ನಿಂತೇ ಇದ್ದಳು. ಒಳಗೆ ಬನ್ನಿ ಎಂದು ಯಾರೂ ಅನ್ನಲಿಲ್ಲ.

"ಅಜ್ಜೀ!" ಒಳಗಿನಿಂದ ಸ್ನೇಹಲಳ ಕೂಗು. "ಬಂತೋ ಇಲ್ಲೋ?"

"ಬಂದದ, ತಡಿ. ಮಾತಾಡಾಕತ್ತೀವಿ."

"ಆರು ಗಂಟೆದಿಂದ ತಡದೀನಿ. ಕಾಲು ಜೋಮು ಹಿಡದು ಕಟಗಿ ಆಗ್ಯಾವ. ಇನ್ನ ಏನ ಮಾತು?"

ಹಿಂದೆಯೇ ಮಣೆ ಸರಿದ ಸಪ್ಪಳ. ಹೆಂಗಸರು "ಏಳಬ್ಯಾಡ, ಏಳಬ್ಯಾಡ" ಅನ್ನುವಷ್ಟರಲ್ಲಿ ಹುಡುಗಿ ಒಂದು ಕಾಲು ಎಳೆದುಕೊಂಡು ಹೊಸ್ತಿಲಿಗೆ ಬಂದಳು. ಅಜ್ಜಿಯ ತೋಳಿನ ಕೆಳಗಿಂದ ಕೈ ತೂರಿಸಿ, ಬಟ್ಟಲಲ್ಲಿ ಮೂರು ಬೆರಳು ಅದ್ದಿ, ತನ್ನ ಗಲ್ಲಕ್ಕೆ ತಾನೇ ಎಳೆದುಕೊಂಡಳು.

"ಆತಲ್ಲ? ಈಗ ಊಟಾ ಕೊಡ್ರಿ."

"ಅಯ್ಯ ನಿನ್ನ! ನಿಂತಕೊಂಡು ಹಚ್ಕೋತಾರೇನು? ಕುಂದರು, ಕುಂದರು!" ಅಜ್ಜಿ ಗಾಬರಿಯಲ್ಲಿ ಬಟ್ಟಲು ಕಸಿದುಕೊಂಡಳು. ಇನ್ನು ಹಿಂದಕ್ಕೆ ಕೊಡುವ ಹಾಗಿರಲಿಲ್ಲ. ಗೊಣಗುತ್ತಲೇ ಹುಡುಗಿಯನ್ನು ಒಳಗೆ ನೂಕಿದಳು. ಹೋಗುವಾಗ ಮನೆಯ ಅರಿಷಿಣ ಒಂದು ಚಿಟಿಕೆ ತರಿಸಿ ಅದರಲ್ಲಿ ಕಲಸಿದಳು. ಸಂಗಮ್ಮ ನೋಡಿದಳು, ನೋಡದವಳ ಹಾಗೆ ಇದ್ದಳು. ಅಷ್ಟು ಮುದುಕಿಯ ಸಮಾಧಾನಕ್ಕಿರಲಿ. ಗೋಡೆಯ ಗಡಿಯಾರದಲ್ಲಿ ಒಂದೂ ಹತ್ತು.

"ಬೀಗತ್ಯಾರೇ, ಒಳಗ ಬರ್ರಿ," ಅಂದಳು ಅಜ್ಜಿ ಕೊನೆಗೆ, ತಿರುಗಿ ನೋಡದೆ. "ಬಿಸಲಾಗ ನಿಂತು ಮಂದಿ ಕಡಿಂದ ನಮಗ ಅನ್ನಸಬ್ಯಾಡ್ರಿ."

ಸಂಗಮ್ಮ ಒಳಗೆ ಹೋಗಿ ಒಂದು ತಂಬಿಗೆ ನೀರು ಕುಡಿದಳು. ಮಣೆಯ ಮೇಲೆ ಸ್ನೇಹಲ್ ಕಣ್ಣು ಮುಚ್ಚಿ ಕೂತಿದ್ದಳು, ಹೆಂಗಸರು ಹಚ್ಚುತ್ತಿದ್ದರು. ಒಂದು ಕಣ್ಣು ತೆರೆದು ಕೇಳಿದಳು:

"ಅತ್ತಿ, ಅವರೂ ಉಪವಾಸ ಇರಬೇಕು ಪಾಪ. ಬಿಸಲಾಗ ಸೈಕಲ್ ಬ್ಯಾರೆ ಹೊಡದಾರ. ಏನರ ತಿಂದಾರೋ ಇಲ್ಲೋ?"

"ಇಡ್ಲಿ," ಅಂದಳು ಸಂಗಮ್ಮ. "ಎರಡು ಪ್ಲೇಟು. ಮ್ಯಾಲ ಮೂರು ಗ್ಲಾಸು ಕಬ್ಬಿನಹಾಲು."

ಸ್ನೇಹಲಳ ಇನ್ನೊಂದು ಕಣ್ಣೂ ತೆರೆಯಿತು. "ನಾ ಇಲ್ಲಿ ಮುಂಜಾನಿಂದ ಬರೀ ನೀರು ಕುಡದು ಕುಂತೀನಿ!"

"ನನಗ ಬೈದು ಬೈದು ಬಾಯಿ ಸೋತದ," ಅಂದಳು ಸಂಗಮ್ಮ, ತಂಬಿಗೆ ಕೆಳಗಿಟ್ಟು. "ನಾಳಿಗಿ ನಿನ್ನ ಕೈಯಾಗ ಕೊಡ್ತೀನಿ. ಮುಂದಿಂದು ನೀನೇ ನೋಡ್ಕೊ."

ಹೊರಗೆ ಅಜೀಮ್ ಹಾರ್ನ್ ಹೊಡೆಯುತ್ತಿದ್ದ. ಮೂರು ಪಂಚರ್, ಒಂದು ಚೈನು ಇನ್ನೂ ಬಾಕಿ ಇದ್ದವು. ಸಂಗಮ್ಮ ಸೆರಗು ಬಿಗಿದುಕೊಂಡು ಎದ್ದಳು.